ಹದಿನೆಂಟರಿಂದ ಭಾಗಿಸಿದ ಬಿಯರ್

ತಿಂಗಳ ಒಂದನೇ ತಾರೀಕು. ಕೇರಳದಲ್ಲಿ ಆ ದಿನ ಬೀವರೇಜಿನ, ಅಂದರೆ ಸರಕಾರಿ ಮದ್ಯದಂಗಡಿಯ, ಶಟರ್ ಏಳುವುದಿಲ್ಲ, ಬಾರಿನದ್ದೂ ಏಳುವುದಿಲ್ಲ. ಗಡಿನಾಡಿನಲ್ಲಿ ಕನ್ನಡದವರಿಗೂ ಮಲಯಾಳದವರಿಗೂ ಪೂರಾ ಸಮಾನತೆ ಸಿಗುವ ದಿನ ಇದೊಂದೇ. ಬಿಯರಿನ ಬಗ್ಗೆ ಗಂಭೀರವಾಗಿ ಮಾತಾಡಲು ಇದಕ್ಕಿಂತ ಒಳ್ಳೆಯ ದಿನವೂ ಇಲ್ಲ. ಬಾಟ್ಲಿ ಎದುರಿಗಿದ್ದರೆ ಮಾತು ರಾಜಕೀಯಕ್ಕೆ ಜಾರುತ್ತದೆ.

ಕಾಸರಗೋಡಿನ ಮಧೂರಿನ ಹತ್ತಿರ ನಮ್ಮ ಮನೆ. ಸಂಜೆ ಜಗಲಿಯಲ್ಲಿ ನಾಲ್ಕು ಜನ. ನಾನು, ರಿಟೈರಾದ ಲೆಕ್ಕದ ಮಾಷ್ಟ್ರು, ಅಣ್ಣು, ಮತ್ತೆ ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಬೆಂಗಳೂರು ಭಾವ. ಭಾವ ಈಗ ಊರಿನಿಂದಲೇ ಆಫೀಸು ಕೆಲಸ ಮಾಡುತ್ತಾರೆ. ಬೆಳಗ್ಗೆ ಐದು ಕಿಲೋಮೀಟರ್ ಓಡುತ್ತಾರೆ. ದೇವಸ್ಥಾನದ ತನಕ ಓಡಿ, ಬರುವಾಗ ಒಂದು ಪೊಟ್ಟಣ ಅಪ್ಪ ಪ್ರಸಾದ ತರುತ್ತಾರೆ. ಹೋಗುವಾಗ ಕರಗಿದ್ದು ಬರುವಾಗ ಸೇರುತ್ತದೆ. ಕೈಯಲ್ಲೊಂದು ಗಡಿಯಾರ ಉಂಟು. ಅದಕ್ಕೆ ಸಮಯ ಬಿಟ್ಟು ಉಳಿದದ್ದೆಲ್ಲ ಗೊತ್ತು.

"ನಾನು ಇನ್ನು ಕಪ್ಪು ಬಿಯರ್ ಮುಟ್ಟುವುದಿಲ್ಲ," ಎಂದರು ಭಾವ. "ತುಂಬಾ ಹೆವಿ. ಬಿಳಿದು ಮಾತ್ರ."

ಅಣ್ಣು ತಲೆ ಆಡಿಸಿದ. "ಬೆಲ್ಲಕ್ಕಿಂತ ಸಕ್ಕರೆ ಲೈಟು ಅಂದ ಹಾಗೆ."

ಅಣ್ಣು ತೆಂಗಿನಕಾಯಿ ವ್ಯಾಪಾರದವ. ಕಳ್ಳು ಬಿಟ್ಟು ಬೇರೆ ಯಾವುದನ್ನೂ ಅವ ಪಾನೀಯ ಅಂತ ಒಪ್ಪಿಲ್ಲ. ಆದರೂ ಇವತ್ತು ಅವನ ಬಾಯಲ್ಲಿ ಸರಿಯಾದ ಮಾತೇ ಬಂದಿತ್ತು. ಕಪ್ಪು ಬಣ್ಣ ಬರುವುದು ಕಾಫಿ ಬೀಜದ ಹಾಗೆ ಹುರಿದ ಬಾರ್ಲಿಯಿಂದ. ಹಂಡೆಯಲ್ಲಿ ಅಂಥ ಬಾರ್ಲಿ ಸ್ವಲ್ಪವೇ ಸಾಕು. ಐರ್ಲೆಂಡಿನ ಗಿನ್ನೆಸ್ ಡ್ರಾಫ್ಟ್ ನೋಡಿ, ಡಾಂಬರಿನ ಹಾಗೆ ಕಾಣುತ್ತದೆ. ಅದರಲ್ಲಿ ಆಲ್ಕೋಹಾಲ್ ಶೇಕಡಾ 4.2. ಒಂದು 355 ಎಂ.ಎಲ್. ಕ್ಯಾನಿಗೆ 125 ಕ್ಯಾಲೊರಿ. ನಮ್ಮಲ್ಲಿ ಸಿಗುವ ಹೊಂಬಣ್ಣದ ಸ್ಟ್ರಾಂಗ್ ಬಿಯರ್ ಇದರ ಎದುರು ಪೈಲ್ವಾನ.

"ಹಾಗಾದರೆ ಕ್ಯಾಲೊರಿ ಎಲ್ಲಿಂದ ಬರ್ತದೆ?" ಭಾವನಿಗೆ ಸಿಟ್ಟು.

ಮಾಷ್ಟ್ರು ಕನ್ನಡಕ ಹಾಕಿಕೊಂಡರು. ಅವರು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಕುಡಿಯುವವರ ಲೆಕ್ಕ ಇಡುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಹಳೆ ತಿಂಗಳ ಹಾಳೆ ಹರಿದರು.

"ಸಕ್ಕರೆ, ಪಿಷ್ಟ, ಗ್ರಾಮಿಗೆ 4 ಕ್ಯಾಲೊರಿ. ಎಣ್ಣೆ, ತುಪ್ಪ, 9. ಆಲ್ಕೋಹಾಲ್ 7. ಗೊತ್ತಾಯ್ತಾ? ಅದು ತುಪ್ಪದ ಪಕ್ಕದ ಮನೆಯವ. ಇನ್ನು ಬಾಯಿಲೆಕ್ಕ. ಎಷ್ಟು ಎಂ.ಎಲ್. ಅಂತ ನೋಡಿ. ಲೇಬಲಿನಲ್ಲಿ ಬರೆದ ಶೇಕಡಾದಿಂದ ಗುಣಿಸಿ. ಹದಿನೆಂಟರಿಂದ ಭಾಗಿಸಿ. ಬರೀ ಆಲ್ಕೋಹಾಲಿನ ಕ್ಯಾಲೊರಿ ಬಂತು."

"ಹದಿನೆಂಟು ಯಾಕೆ?"

"ಮಹಾಭಾರತದಲ್ಲಿ ಪರ್ವ ಎಷ್ಟು?" ಎಂದ ಅಣ್ಣು. ಮಾಷ್ಟ್ರು ಅವನ ಕಡೆ ನೋಡಲಿಲ್ಲ. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಎಂ.ಎಲ್. ಅಂದರೆ 0.79 ಗ್ರಾಮ್, ಅದನ್ನು ಏಳರಿಂದ ಗುಣಿಸಿದರೆ ಐದೂವರೆ, ನೂರನ್ನು ಅದರಿಂದ ಭಾಗಿಸಿದರೆ ಹದಿನೆಂಟು ಎಂದು ಬಿಡಿಸಿ ಹೇಳಿದರು. ನಮಗೆ ಅಣ್ಣುವಿನ ಕಾರಣವೇ ನೆನಪಿನಲ್ಲಿ ಉಳಿಯಿತು.

ಲೆಕ್ಕ ಶುರುವಾಯಿತು. 650 ಎಂ.ಎಲ್. ಸ್ಟ್ರಾಂಗ್, ಶೇಕಡಾ 8. ಗುಣಿಸಿ ಭಾಗಿಸಿದರೆ 289. ಯೀಸ್ಟ್ ತಿನ್ನದೆ ಬಿಟ್ಟ ಪಿಷ್ಟದ ಪಾಲು ಸೇರಿಸಿದರೆ 380ರ ಹತ್ತಿರ. ಭಾವನ ತೂಕ 80 ಕಿಲೋ. ಓಡುವವನಿಗೆ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ ಖರ್ಚು. ಐದು ಕಿಲೋಮೀಟರಿಗೆ 400.

"ಅಂದರೆ ನಾನು ಬೆಳಗ್ಗೆ ಓಡುವುದು ಒಂದು ಬಾಟ್ಲಿಗೆ?"

"ಅಪ್ಪ ತಿನ್ನದಿದ್ದರೆ," ಎಂದರು ಮಾಷ್ಟ್ರು.

ಇನ್ನೊಂದು ಲೆಕ್ಕ. 330 ಎಂ.ಎಲ್., ಶೇಕಡಾ 4. ಆಲ್ಕೋಹಾಲಿನದ್ದು 73. ಪಿಷ್ಟ ಕಡಿಮೆ ಉಳಿದ ಬಿಯರ್ ಆದರೆ ಒಟ್ಟು 95ರ ಆಸುಪಾಸು. ಭಾವನ ಮುಖ ಅರಳಿತು. "ಒಂದು ಸ್ಟ್ರಾಂಗಿನ ಜಾಗದಲ್ಲಿ ನಾಲ್ಕು ಲೈಟ್ ಆಗ್ತದಲ್ಲಾ!"

ಮಾಷ್ಟ್ರು ಪೆನ್ನು ಕೆಳಗಿಟ್ಟರು. ಮೂವತ್ತು ವರ್ಷ ಪಾಠ ಮಾಡಿದವರ ಸುಸ್ತು ಆ ಮುಖದಲ್ಲಿತ್ತು.

ಲೈಟ್ ಬಿಯರ್ ಅಂದರೆ ನೀರು ಬೆರೆಸಿದ್ದು ಎಂದು ನಾನು ತಿಳಿದಿದ್ದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಾರ್ಲಿಯ ಪಿಷ್ಟದಲ್ಲಿ ಸಣ್ಣ ಸಕ್ಕರೆಗಳನ್ನು ಯೀಸ್ಟ್ ತಿನ್ನುತ್ತದೆ. ದೊಡ್ಡ ತುಂಡುಗಳು ಹಾಗೇ ಉಳಿಯುತ್ತವೆ. ಮಗುವಿಗೆ ಇಡೀ ಹಲಸಿನ ತೊಳೆ ಕೊಟ್ಟರೆ ಉಗುಳುತ್ತದೆ, ಸಣ್ಣದಾಗಿ ಕೊಚ್ಚಿ ಕೊಟ್ಟರೆ ನುಂಗುತ್ತದೆ ಅಲ್ವಾ, ಹಾಗೆ. ಆ ಕೊಚ್ಚುವ ಕೆಲಸಕ್ಕೆ ಒಂದು ಕಿಣ್ವ ಹಾಕುತ್ತಾರೆ. ಅಮೆರಿಕದಲ್ಲಿ ಜೋಸೆಫ್ ಒವೇಡ್ಸ್ ಎಂಬ ವಿಜ್ಞಾನಿ ಮಾಡಿದ ಉಪಾಯ ಇದು. 1967ರಲ್ಲಿ ಅದನ್ನು ಡಯಟ್ ಬಿಯರ್ ಅಂತ ಮಾರಿದರು. ಓಡಲಿಲ್ಲ. ಡಯಟ್ ಅಂತ ಹೆಸರಿಟ್ಟು ಹೋಳಿಗೆ ಮಾರಿದರೆ ನಾವು ತಗೊಳ್ತೇವಾ? 1975ರಲ್ಲಿ ಮಿಲ್ಲರ್ ಲೈಟ್ ಅಲ್ಲಿ ದೇಶವಿಡೀ ಮಾರಾಟಕ್ಕೆ ಬಂತು. 96 ಕ್ಯಾಲೊರಿ. ಅದು ಓಡಿತು.

"ಆದರೆ ರುಚಿ ಇಲ್ಲ," ಎಂದರು ಭಾವ. ಇಲ್ಲಿ ಅವರು ನಿಜವಾಗಿ ತಿಳಿದವರು. ಅಲ್ಲೇ ಬಿಯರ್ ಮಾಡಿ ಅಲ್ಲೇ ಕುಡಿಸುವ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಹತ್ತು ವರ್ಷ ಕೂತ ಅನುಭವ ಸುಮ್ನೆ ಹೋಗುವುದಿಲ್ಲ. "ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ ಕುಶಲತೆಯಿಂದ ಬಿಯರ್ ಮಾಡುವವರು ರುಚಿಯನ್ನು ಆಲ್ಕೋಹಾಲಿನಿಂದ ತರುವುದಿಲ್ಲ. ಹಾಪ್ ಹೂವಿನಿಂದ ತರ್ತಾರೆ. ಕುದಿಸುವಾಗ ಹಾಕಿದರೆ ಕಹಿ. ತಣ್ಣಗಾದ ಮೇಲೆ ಹಾಕಿದರೆ ಬರೀ ಪರಿಮಳ. ಮೊಸಾಯಿಕ್ ಅಂತ ಒಂದು ಹಾಪ್ ಉಂಟು, ಮಾವಿನ ಹಣ್ಣಿನ ವಾಸನೆ. ಸಿಟ್ರಾ ಅಂತ ಇನ್ನೊಂದು, ನಿಂಬೆ ಜಾತಿಯ ವಾಸನೆ."

"ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕಿದ ಹಾಗೆ," ಎಂದೆ.

"ಅದೇ! ಸೊಪ್ಪಿಗೆ ಕ್ಯಾಲೊರಿ ಎಷ್ಟು? ಲೆಕ್ಕಕ್ಕೇ ಇಲ್ಲ. ಐಪಿಎ ಅಂದರೆ ಹಾಪ್ ಜಾಸ್ತಿ ಹಾಕಿದ ಬಿಯರ್. ಅದಕ್ಕೇ ಅದರ ಲೈಟ್ ತಮ್ಮ ಸೆಷನ್ ಐಪಿಎ ಕೇಳಬೇಕು. ಪರಿಮಳ ಐಪಿಎಯದ್ದು, ಆಲ್ಕೋಹಾಲ್ ನಾಲ್ಕು, ನಾಲ್ಕೂವರೆ." ಅಮೆರಿಕದ ಡಾಗ್‌ಫಿಷ್ ಹೆಡ್‌ನವರ ಸ್ಲೈಟ್ಲಿ ಮೈಟಿ ಎಂಬ ಬಿಯರಿನ ಕಥೆಯನ್ನೂ ಹೇಳಿದರು. ಶೇಕಡಾ 4, ಕ್ಯಾಲೊರಿ 95. ಬಿಯರ್ ತೆಳುವಾಗಬಾರದು ಅಂತ ಮಾಂಕ್ ಫ್ರೂಟ್ ಹಾಕುತ್ತಾರಂತೆ. ಚೀನಾದ ಹಣ್ಣು. ಸಿಹಿ ಉಂಟು, ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ.

"ಮಾಂಕ್ ಅಂದರೆ ಸನ್ಯಾಸಿ ಅಲ್ವಾ?" ಎಂದ ಅಣ್ಣು. "ಸನ್ಯಾಸಿಯನ್ನು ಬಿಯರಿನಲ್ಲಿ ಮುಳುಗಿಸಿದರಾ? ಪಾಪ."

ಭಾವ ಹಾಗೇ ರ‍್ಯಾಡ್ಲರ್ ಕಡೆ ಹೊರಟರು. ಜರ್ಮನ್ ಭಾಷೆಯಲ್ಲಿ ರ‍್ಯಾಡ್ಲರ್ ಅಂದರೆ ಸೈಕಲ್ ಹೊಡೆಯುವವ, ಆದ್ದರಿಂದ ಅದು ಫಿಟ್‌ನೆಸ್ಸಿನ ಬಿಯರ್ ಎಂದು ಅವರ ವಾದ. ಅರ್ಧ ಬಿಯರ್, ಅರ್ಧ ಲೆಮನೇಡ್. ಮಾಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಲೆಮನೇಡಿನಲ್ಲಿ ಸಕ್ಕರೆ ಎಷ್ಟು?" ಭಾವ ಸೈಕಲಿನಿಂದ ಇಳಿದರು.

ಅಷ್ಟರಲ್ಲಿ ಅಣ್ಣು ತನ್ನ ಅರ್ಜಿ ಹಾಕಿದ. ಮರ ಹತ್ತಿ, ಹೊಂಬಾಳೆ ಕಟ್ಟಿ, ದಿನಾ ಕೆತ್ತಿ ಇಳಿಸುವ ಕಳ್ಳಿಗಿಂತ ದೊಡ್ಡ ಕ್ರಾಫ್ಟ್ ಯಾವುದುಂಟು? ಅದೂ ಸಂಜೆಯಾಗುವಾಗ ಹುಳಿ ಬಂದು ಸಕ್ಕರೆಯೆಲ್ಲ ಹೋಗಿರುತ್ತದೆ, ಆದ್ದರಿಂದ ಕ್ಯಾಲೊರಿ ಸೊನ್ನೆ. ಕೇಳುವಾಗ ಸರಿ ಅಂತ ನನಗೂ ಅನಿಸಿತು. ಮಾಷ್ಟ್ರಿಗೆ ಅನಿಸಲಿಲ್ಲ. ಒಂದು ಗ್ರಾಮ್ ಸಕ್ಕರೆ, 4 ಕ್ಯಾಲೊರಿ. ಹುಳಿತರೆ ಅರ್ಧ ಗ್ರಾಮ್ ಆಲ್ಕೋಹಾಲ್, ಮೂರೂವರೆ ಕ್ಯಾಲೊರಿ. "ಅಂಗಿ ಬದಲಿಸಿದ್ದು ಅಷ್ಟೇ, ಆಸಾಮಿ ಅಲ್ಲೇ ಉಂಟು."

"ಹಾಗಾದರೆ ಸಿ.ಪಿ.ಸಿ.ಆರ್.ಐ.ಯ ಕಲ್ಪರಸ?" ಅಣ್ಣು ಬಿಡಲಿಲ್ಲ. ನಮ್ಮ ಕಾಸರಗೋಡಿನಲ್ಲೇ, 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಕೇಂದ್ರ ಅದು. ಹೊಂಬಾಳೆಯ ರಸವನ್ನು ಐಸ್ ಹಾಕಿದ ಪೆಟ್ಟಿಗೆಯಲ್ಲಿ ಹಿಡಿಯುವ ಉಪಾಯ ಅಲ್ಲಿಯದ್ದು. ಹುಳಿ ಬರುವುದಿಲ್ಲ, ನಶೆ ಇಲ್ಲ. ಒಳ್ಳೆಯದೇ. ಆದರೆ ಸಕ್ಕರೆ ಪೂರ್ತಿ ಒಳಗೇ ಉಂಟು. ಆಲ್ಕೋಹಾಲ್ ಇಲ್ಲದ ಬಿಯರಿಗೂ ಇದೇ ಮಾತು. ಕ್ಯಾಲೊರಿ ಸಾಧಾರಣವಾಗಿ ಕಡಿಮೆ, ಆದರೆ ಕೆಲವದರಲ್ಲಿ ಸಿಹಿ ಜಾಸ್ತಿ. ಲೇಬಲ್ ನೋಡಿ ತಗೊಳ್ಳಬೇಕು.

ಭಾವನ ಪ್ರಶ್ನೆ ಮುಗಿದಿರಲಿಲ್ಲ. ಓಡಿದ ಕೂಡಲೇ ಕುಡಿದರೆ ಕರಗಿಬಿಡುತ್ತದಲ್ಲ ಎಂದರು. ಅದು ಉಲ್ಟಾ. ಆಲ್ಕೋಹಾಲನ್ನು ಕೂಡಿಡಲು ಶರೀರದಲ್ಲಿ ಜಾಗವಿಲ್ಲ. ಬೇಡದ ನೆಂಟ ಬಂದರೆ ನಾವೇನು ಮಾಡುತ್ತೇವೆ? ಮೊದಲು ಅವನಿಗೆ ಎಲೆ ಹಾಕಿ, ಉಣ್ಣಿಸಿ, ಬಸ್ ಹತ್ತಿಸುತ್ತೇವೆ. ಲಿವರ್ ಮಾಡುವುದೂ ಅದನ್ನೇ. ಅಷ್ಟರ ತನಕ ಕೊಬ್ಬು ಕರಗುವ ಕೆಲಸ ಪಡಸಾಲೆಯಲ್ಲಿ ಕಾಯುತ್ತಾ ಕೂತಿರುತ್ತದೆ. ಮೇಲಿಂದ ಬೆವರಿ ಬತ್ತಿದ ಮೈಗೆ ನೀರು ಬೇಕು, ಬಿಯರ್ ಮೂತ್ರ ಜಾಸ್ತಿ ಮಾಡುತ್ತದೆ. ಮೊದಲು ನೀರು, ಆಮೇಲೆ ಊಟ, ಬೇಕೇ ಬೇಕು ಅಂದರೆ ರಾತ್ರಿಗೆ ಒಂದು ಸಣ್ಣದು. ಒಂದು ಹನಿಯೂ ಸುರಕ್ಷಿತವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ಮಾಷ್ಟ್ರು ನಡುವೆ ತೂರಿಸಿದರು. ಯಾರೂ ವಿರೋಧಿಸಲಿಲ್ಲ. ಒಂದನೇ ತಾರೀಕು ನೋಡಿ, ಒಪ್ಪಲು ಏನೂ ಖರ್ಚಿಲ್ಲ.

"ಮುಂದಿನ ಸಲ ಬೆಂಗಳೂರಿಗೆ ಹೋದಾಗ ಎಂತ ಕೇಳಲಿ?" ಭಾವ ಈಗ ಶಿಷ್ಯನಾಗಿದ್ದರು.

ಬೋರ್ಡಿನಲ್ಲಿ ಹೆಸರಿನ ಮುಂದೆ ಶೇಕಡಾ ನೋಡಬೇಕು, ಇಲ್ಲದಿದ್ದರೆ ಕೇಳಬೇಕು. ಐದರೊಳಗಿನದ್ದು ಆರಿಸಬೇಕು. ಗ್ಲಾಸ್ ಸಣ್ಣದಿರಬೇಕು. ನನ್ನ ಮಟ್ಟಿಗೆ ಹುಳಿ ಬಿಯರೇ ಒಳ್ಳೆಯದು, ಯಾಕೆಂದರೆ ಹುಳಿಯನ್ನು ಗಟಗಟ ಕುಡಿಯಲು ಆಗುವುದಿಲ್ಲ. ಬರ್ಲಿನಿನ ವೈಸೆ ಶೇಕಡಾ ಮೂರರ ಆಸುಪಾಸು. ಇನ್ನೊಂದು ಗೋಸೆ, ಜರ್ಮನಿಯ ಗೋಸ್ಲಾರ್ ಊರಿನದ್ದು, ಲೈಪ್ಜಿಗ್‌ನಲ್ಲಿ ಹೆಸರಾದದ್ದು. ಅದಕ್ಕೆ ಉಪ್ಪು ಹಾಕುತ್ತಾರೆ, ಕೊತ್ತಂಬರಿ ಬೀಜ ಹಾಕುತ್ತಾರೆ.

"ಹುಳಿ, ಉಪ್ಪು, ಕೊತ್ತಂಬರಿ," ಅಣ್ಣು ಬೆರಳು ಮಡಚಿದ. "ಅದು ನಮ್ಮ ಸಂಭಾರ ಅಲ್ವಾ ಮಾರಾಯ!"

ಒಳಗಿನಿಂದ ನನ್ನ ಹೆಂಡತಿ ಬಂದಳು. ಕೈಯಲ್ಲಿ ಶುಂಠಿ, ಹಸಿಮೆಣಸು, ಉಪ್ಪು ಹಾಕಿದ ಮಜ್ಜಿಗೆ ನೀರಿನ ತಂಬಿಗೆ. "ಇಗೊಳ್ಳಿ ನಿಮ್ಮ ಗೋಸೆ. ಹದಿನೆಂಟರಿಂದ ಭಾಗಿಸುವುದು ಬೇಡ."

ಹಿಂದಿನಿಂದ ಬಂತು ದೊಡ್ಡ ತಟ್ಟೆ. ತೆಂಗಿನ ಎಣ್ಣೆಯಲ್ಲಿ ಕರಿದ ಹಲಸಿನ ಹಪ್ಪಳ, ನೇಂದ್ರ ಚಿಪ್ಸ್. ಜಗಲಿಯಲ್ಲಿ ಮೌನ. ಮಾಷ್ಟ್ರ ಪೆನ್ನು ಮತ್ತೆ ಎದ್ದಿತು. "ಚಿಪ್ಸ್ 100 ಗ್ರಾಮಿಗೆ 500 ಕ್ಯಾಲೊರಿ ದಾಟ್ತದೆ. ಐದು ಲೈಟ್ ಬಿಯರ್..."

"ಲೆಕ್ಕ ಮುಗಿಯುವಾಗ ಹಪ್ಪಳ ಮೆತ್ತಗಾಗ್ತದೆ," ಎಂದ ಅಣ್ಣು. ಮಾಷ್ಟ್ರು ಪೆನ್ನು ಕಿಸೆಗೆ ಹಾಕಿ, ಆ ಕೈಯಲ್ಲೇ ಹಪ್ಪಳ ಎತ್ತಿಕೊಂಡರು.

ತಟ್ಟೆ ಖಾಲಿಯಾಗುವಾಗ ಭಾವ ಗಡಿಯಾರ ನೋಡಿ ಖುಷಿಪಟ್ಟರು. ಕೂತಲ್ಲಿಂದ ಏಳಲಿಲ್ಲ, ಆದರೂ ಅರುವತ್ತು ಹೆಜ್ಜೆ ಜಾಸ್ತಿಯಾಗಿತ್ತು. ತಟ್ಟೆಗೂ ಬಾಯಿಗೂ ನಡುವೆ ಕೈ ಓಡಾಡಿದ್ದನ್ನು ಅದು ನಡಿಗೆ ಅಂತ ಬರೆದುಕೊಂಡಿತ್ತು.

"ತಂಗೀ," ಎಂದು ಒಳಗೆ ಕೂಗಿದರು, "ಹಪ್ಪಳ ಇನ್ನೂ ಉಂಟಾ?"