ಪದ ಬೇಕಿತ್ತು (ತುರ್ತು): ಎದೆಗಾಯನಾ, ಎದೆಗೆ ಪೆಟ್ಟಾ? ಫ್ಲೇಲ್ ಚೆಸ್ಟ್‌ಗೆ ಏನನ್ನೋದು?

ಎಲ್ರಿಗೂ ನಮಸ್ಕಾರ. ಆಂಬುಲೆನ್ಸ್ ಸಿಬ್ಬಂದಿ ತರಬೇತಿಗೆ ಒಂದು ಗೋಡೆಪಟ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು. ತಲೆಬರಹ ಚೆಸ್ಟ್ ಇಂಜುರಿ. 'ಎದೆಗಾಯ' ಅಂತ ಹಾಕಿದ್ದೆ, ಆದ್ರೆ ಗಾಯ ಅಂದ ತಕ್ಷಣ ಚರ್ಮ ಹರಿದು ರಕ್ತ ಬಂದಿರೋದೇ ಕಣ್ಮುಂದೆ ಬರುತ್ತೆ. ಸ್ಟೀರಿಂಗ್ ಎದೆಗೆ ಗುದ್ದಿದವ್ರಿಗೆ ಮೇಲೆ ಒಂದು ತರಚೂ ಇರದೆ ಒಳಗೆ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿರಬಹುದು. ಇನ್ನೊಂದು ಫ್ಲೇಲ್ ಚೆಸ್ಟ್. ಅಕ್ಕಪಕ್ಕದ 3 ಅಥವಾ ಹೆಚ್ಚು ಪಕ್ಕೆಲುಬು ಒಂದೊಂದೂ 2 ಕಡೆ ಮುರಿದು ಆ ತುಂಡು ಗೂಡಿಂದ ಬಿಟ್ಕೊಂಡಿರುತ್ತೆ, ಉಸಿರು ಎಳೆದಾಗ ಎದೆಯೆಲ್ಲ ಉಬ್ಬಿದ್ರೂ ಅಷ್ಟು ಭಾಗ ಮಾತ್ರ ಒಳಕ್ಕೆ ಹೋಗುತ್ತೆ, ಬಿಟ್ಟಾಗ ಹೊರಕ್ಕೆ ಬರುತ್ತೆ. ಬಾಕ್ಸ್ ಚಿಕ್ಕದು, ಒಂದೇ ಪದ ಆದ್ರೆ ಒಳ್ಳೇದು.

---

ವಕ್ಷಾಘಾತ. 'ಎದೆಯಾಘಾತ' ಅಂತ ಮಾತ್ರ ಯಾರೂ ಬರೀಬೇಡಿ, ಅರಿಸಮಾಸ.

---

> ವಕ್ಷಾಘಾತ

ಬೇಡ. ಎದೆ ಹಳಗನ್ನಡದ 'ಎರ್ದೆ'ಯಿಂದ ನಮ್ಮದೇ ಪದ, ಅದನ್ನ ಬಿಟ್ಟು ವಕ್ಷ ಯಾಕೆ? ಗಾಯ ಕೂಡ ಘಾತದ ತದ್ಭವ. 'ಎದೆಪೆಟ್ಟು' ಅನ್ನಿ, ಅಚ್ಚಗನ್ನಡ. ಫ್ಲೇಲ್ ಅಂದ್ರೆ ತೆನೆ ಬಡಿಯೋ ಸಾಧನ, ಎರಡು ಕೋಲು ಸಡಿಲವಾಗಿ ಜೋಡಿಸಿರ್ತಾರೆ, ಮೂಲ ಲ್ಯಾಟಿನ್ನಿನ ಚಾಟಿ. ಹಾಗಾಗಿ 'ಬಡಿಗೋಲೆದೆ'. ಅಥವಾ 'ಅಲುಗೆದೆ'.

---

ಪಕ್ಕೆಲುಬಿನ ಪಕ್ಕೆ ಸಂಸ್ಕೃತದ ಪಕ್ಷದಿಂದ ಬಂದದ್ದು. ನಿಮ್ಮ ಅಚ್ಚಗನ್ನಡದ ವಾದ ಎದೆಗೂಡಿನೊಳಗೇ ನಿಲ್ಲಲ್ಲ. ಇದರ ಮೇಲೆ ನಾನು ಚರ್ಚೆ ಮಾಡಲ್ಲ.

---

ನಾನು ಆಂಬುಲೆನ್ಸಲ್ಲಿ ಕೆಲ್ಸ ಮಾಡಿದೋನು, ಈಗ ಹೊಸಬರಿಗೆ ಕಲಿಸ್ತೀನಿ. ವಕ್ಷಾಘಾತ ಅಂತ ಹಾಕಿದ್ರೆ ಹುಡುಗ್ರು ಹೃದಯಾಘಾತ ಅಂತಲೇ ಓದ್ಕೊಳ್ತಾರೆ, ಅದು ಬೇರೆ, ಅದಕ್ಕೆ ಮಾಡೋದೂ ಬೇರೆ. ಶಾಕ್‌ಗೂ (ಮೈಗೆ ರಕ್ತ ಸಾಲದೆ ಕುಸಿಯೋದು) ಆಘಾತ ಅಂತಾರೆ, ಎದೆಯೊಳಗೆ ರಕ್ತ ಸೋರಿದವ್ರಿಗೆ ಆ ಶಾಕೂ ಬರುತ್ತೆ, ಆಗ ಒಂದೇ ಪಟದಲ್ಲಿ ಎರಡು ಆಘಾತ. 'ಎದೆಗೆ ಪೆಟ್ಟು' ಸಾಕು, ಸಮಾಸವೇ ಬೇಡ. ಮೇಲೆ ಏನೂ ಕಾಣದ್ದಕ್ಕೆ 'ಒಳಪೆಟ್ಟು' ಅನ್ನೋ ಪದ ಜನರ ಬಾಯಲ್ಲಿ ಮೊದಲಿಂದ ಇದೆ. ಗಾಯ ಅನ್ನೋದನ್ನ ಎದೆ ತೂತು ಬಿದ್ದಿರೋದಕ್ಕೆ ಇಟ್ಕೊಳ್ಳಿ, 'ಗಾಳಿ ಎಳೆಯುವ ಗಾಯ', ಉಸಿರಾಡಿದಾಗೆಲ್ಲ ಅಲ್ಲಿ ಸೊರ್ ಅಂತ ಸದ್ದು ಬರುತ್ತೆ, ರಕ್ತ ನೊರೆನೊರೆಯಾಗಿ ಗುಳ್ಳೆ ಏಳುತ್ತೆ, ಒಂದ್ಸಲ ಕೇಳಿದ್ರೆ ಮರೆಯೋ ಸದ್ದಲ್ಲ ಅದು.

'ಬಡಿಗೋಲೆದೆ' ಕೇಳಿದೋರು ಕೋಲಲ್ಲಿ ಹೊಡೆದ್ರಾ ಅಂತಾರೆ. 'ಅಲುಗೆದೆ'ಯೂ ಆಗಲ್ಲ, ಎದೆ ಎಲ್ಲರದ್ದೂ ಅಲುಗುತ್ತೆ, ಇಲ್ಲಿ ಮುಖ್ಯ ಉಲ್ಟಾ ಅಲುಗೋದು. ಫ್ಲೇಲ್ ಚೆಸ್ಟ್ ಅಂತಲೇ ಕನ್ನಡ ಲಿಪೀಲಿ ಬರೀರಿ, ದಾರೀಲಿ ಆಸ್ಪತ್ರೆಗೆ ಫೋನ್ ಮಾಡ್ದಾಗ ಡಾಕ್ಟ್ರಿಗೆ ಹೇಳ್ಬೇಕಾಗಿರೋದು ಅದನ್ನೇ. ಕೆಳಗೆ ಸಣ್ಣಕ್ಷರದಲ್ಲಿ 'ಉಸಿರಿಗೆ ಎದುರಾಗಿ ಆಡುವ ಪಕ್ಕೆ'. ಜಾಗ ಇದ್ರೆ ಇನ್ನೊಂದು ಸಾಲು ಸೇರಿಸಿ, ಶುರೂನಲ್ಲಿ ನೋವಿಗೆ ಸ್ನಾಯು ಬಿಗಿದು ಈ ಆಟ ಕಣ್ಣಿಗೆ ಕಾಣದೇ ಹೋಗಬಹುದು, ಬಟ್ಟೆ ಸರಿಸಿ ಎರಡೂ ಕಡೆ ಕೈಯಿಟ್ಟು ನೋಡ್ಬೇಕು ಅಂತ. ಎರವಲು ಅಂತ ಬೇಜಾರಾಗೋರಿಗೆ ಒಂದ್ಮಾತು, ಇಂಗ್ಲಿಷಲ್ಲಿ ಎದೆಗೂಡಿಗೆ ಹೇಳೋ ಥೊರಾಕ್ಸ್ ಕೂಡ ಗ್ರೀಕರ ಎದೆಗವಚದ ಹೆಸರು, ಇಂಗ್ಲಿಷಿನೋರು ಹಾಗೇ ತಗೊಂಡ್ರು.

---

ತುಂಬಾ ಉಪಕಾರ ಆಯ್ತು ಸರ್, ತಲೆಬರಹ 'ಎದೆಗೆ ಪೆಟ್ಟು' ಅಂತಲೇ ಹಾಕ್ದೆ. ಇನ್ನೊಂದೇ ಒಂದು ಉಳಿದಿದೆ. ಟೆನ್ಷನ್ ನ್ಯುಮೋಥೊರಾಕ್ಸ್‌ಗೆ ಹಳೇ ಕರಡಲ್ಲಿ 'ಉದ್ವೇಗ ವಾಯುವಕ್ಷ' ಅಂತಿದೆ, ಓದಿದ್ರೆ ರೋಗಿ ಗಾಬರಿಯಾಗಿದಾನೆ ಅಂತ ಅರ್ಥ ಆಗುತ್ತೆ. ಇಲ್ಲಿರೋದು ಮನಸ್ಸಿನ ಟೆನ್ಷನ್ ಅಲ್ಲ, ಸೈಕಲ್ ಟ್ಯೂಬಿನ ವಾಲ್ವ್ ಥರ ಗಾಳಿ ಎದೆಗೂಡಿನೊಳಕ್ಕೆ ಹೋಗುತ್ತೆ ವಾಪಸ್ ಬರಲ್ಲ, ಒತ್ತಡ ಏರಿ ಏರಿ ಶ್ವಾಸಕೋಶ ಕುಸಿದು ಹೃದಯಕ್ಕೆ ರಕ್ತ ಮರಳೋದೇ ಕಷ್ಟ ಆಗುತ್ತೆ. 'ಒತ್ತಡ' ಅಂದ್ರೆ ಬೀಪಿ ಅನ್ಕೊಳ್ತಾರೆ, ಇಲ್ಲಿ ಬೀಪಿ ಬೀಳ್ತಿರುತ್ತೆ. 'ಎದೆಯಲ್ಲಿ ಗಾಳಿ ಬಿಗಿತ' ಅಂತ ಇಡ್ಲಾ? ರಾತ್ರಿಯೊಳಗೆ ಯಾರಾದ್ರೂ ಹೇಳಿ.