ಅಪ್‌ಡೇಟ್: ಅಂಟಂಟಾದ ರಾಕ್ಷಸನ ಮುಖವಾಡ

ಕಾಕಾ ಕೊಟ್ಟ ಫ್ರಾಂಕನ್‌ಸ್ಟೈನ್ ರಾಕ್ಷಸನ ಹಳೇ ಲೇಟೆಕ್ಸ್ ಮುಖವಾಡ ಅಂಟಂಟಾಗಿದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ತಪ್ಪು ನನ್ನದೇ. ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಟ್ರಂಕಿನೊಳಗೆ ಇಟ್ಟಿದ್ದೆ. ಲೇಟೆಕ್ಸ್ ಅಂದರೆ ರಬ್ಬರ್ ಮರದ ಹಾಲೇ ಅಲ್ವಾ, ಶಾಖ ತಡೆಯಲ್ಲ. ಸಾಲದ್ದಕ್ಕೆ ಅವ್ವ ಕೊಬ್ಬರಿ ಎಣ್ಣೆ ಬೇರೆ ಸವರಿದ್ದಳು. ಎಣ್ಣೆ ಕುಡಿದ ಲೇಟೆಕ್ಸ್ ಉಬ್ಬಿ ಮೆತ್ತಗಾಗುತ್ತದೆ. ಎಡಗಿವಿ ಹಿಡಿದೆ, ತುದಿ ನನ್ನ ಬೆರಳಿಗೇ ಅಂಟಿ ಬಂತು!

ನೀವು ಹೇಳಿದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿಸಿ, ಒಳಗೂ ಹೊರಗೂ ಕಾರ್ನ್‌ಫ್ಲೋರ್ ಉದುರಿಸಿದೆ. ಅಂಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕೆಟ್ಟ ರಬ್ಬರ್ ಮತ್ತೆ ಮೊದಲಿನಂತಾಗಲ್ಲ. ಈಗ ಥರ್ಮಾಕೋಲ್ ತಲೆಗೆ ತೊಡಿಸಿ, ಶಹಾಬಾದ್ ಕಲ್ಲು ಹಾಸಿದ ಒಳಕೋಣೆಯಲ್ಲಿ, ಬಿಸಿಲು ಬೀಳದ ಕಡೆ ಇಟ್ಟಿದ್ದೇನೆ. ರಾತ್ರಿ ನೀರಿಗೆ ಎದ್ದು ಬೆಚ್ಚಿಬಿದ್ದ ಅವ್ವ ಅದರ ಮೇಲೊಂದು ಟವೆಲ್ ಹೊದಿಸಿದ್ದಾಳೆ.