ಎಣ್ಣೆಗೆಂಪು ಮೈಬಣ್ಣದ ಮೇಲೆ ಲಿಮಿಟೆಡ್ ಎಡಿಷನ್ ಪ್ಯಾಲೆಟ್‌ನ ತಿಳಿಬಣ್ಣಗಳು ಬೆಳ್ಳಗಾಗುತ್ತಿವೆ, ಸರಿಪಡಿಸುವುದು ಹೇಗೆ?

ಪ್ರಶ್ನೆ: ಬಸವನಗುಡಿಯ ಓದುಗಿ

ನಮಸ್ಕಾರ. ಹಬ್ಬದ ಹೊತ್ತಿಗೆಂದು ಸೀಮಿತ ಸಂಖ್ಯೆಯಲ್ಲಿ ಬಿಡುಗಡೆಯಾದ 12 ಬಣ್ಣಗಳ ಐಶ್ಯಾಡೋ (ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣದ ಪುಡಿ) ಪ್ಯಾಲೆಟ್ ಒಂದನ್ನು ಇಲ್ಲಿನ ಮಾಲ್ ಒಂದರಲ್ಲಿ ಕೊಂಡಿದ್ದೇನೆ. ನಸುನೇರಳೆ, ಪುದೀನ ಹಸಿರು, ತಿಳಿನೀಲಿ ಮೊದಲಾದ ಐದು ಮ್ಯಾಟ್ (ಹೊಳಪಿಲ್ಲದ) ತಿಳಿಬಣ್ಣಗಳು, ಮಿನುಗುವ ನಾಲ್ಕು ಶಿಮ್ಮರ್‌ಗಳು, ಇಟ್ಟಿಗೆಗೆಂಪು, ಕಡುಗಂದು ಮತ್ತು ಕಣ್ಣು ಕೋರೈಸುವ ಒಂದು ಗುಲಾಬಿ ಅದರಲ್ಲಿವೆ. ನನ್ನದು ಎಣ್ಣೆಗೆಂಪು ಮೈಬಣ್ಣ, ರೆಪ್ಪೆಯ ಮೇಲೆ ಜಿಡ್ಡೂ ಹೆಚ್ಚು. ಡಬ್ಬಿಯಲ್ಲಿ ಅಷ್ಟು ಚೆಂದ ಕಾಣುವ ನಸುನೇರಳೆ, ರೆಪ್ಪೆಗೆ ಹಚ್ಚಿದೊಡನೆ ವಿಭೂತಿ ಬಳಿದಂತೆ ಬೆಳ್ಳಗಾಗುತ್ತದೆ. ಶಿಮ್ಮರ್ ಹಚ್ಚಿದರೆ ಅರ್ಧದಷ್ಟು ಪುಡಿ ಕೆನ್ನೆಯ ಮೇಲೆ ಉದುರುತ್ತದೆ. ಗುಲಾಬಿ ಬಣ್ಣದ ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿ, ಅಮೆರಿಕದಲ್ಲಿ ಇದನ್ನು ಕಣ್ಣಿನ ಸುತ್ತ ಬಳಸತಕ್ಕದ್ದಲ್ಲ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿದ್ದಾರೆ.

ಮುಂದಿನ ತಿಂಗಳು ತಂಗಿಯ ಮದುವೆಯಿದೆ; ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಆರತಕ್ಷತೆಗೆ ಬಾಟಲ್ ಹಸಿರಿನ ಮೈಸೂರು ಸಿಲ್ಕ್ ಉಡುವವಳಿದ್ದೇನೆ. ಈ ಪ್ಯಾಲೆಟ್ಟನ್ನೇ ಬಳಸಬೇಕೆಂಬ ಆಸೆಯಿದೆ. ತಿಳಿಬಣ್ಣಗಳನ್ನು ನನ್ನಂಥವರು ಹಚ್ಚುವ ಕ್ರಮವೇನು? ಆ ಗುಲಾಬಿಯನ್ನು ಬಳಸಬಹುದೇ? ಮುಗಿದರೆ ಮತ್ತೆ ಸಿಗುವುದಿಲ್ಲ ಎಂದು ಅಂಗಡಿಯವರು ಹೇಳುತ್ತಿರುವುದರಿಂದ ಇನ್ನೊಂದನ್ನು ಈಗಲೇ ಕೊಂಡಿಡುವುದು ಒಳ್ಳೆಯದೇ?

ಉತ್ತರ: ಮಲ್ಲೇಶ್ವರದ ಪ್ರಸಾಧನ ಕಲಾವಿದೆ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ: ಕೊರತೆ ನಿಮ್ಮ ಮೈಬಣ್ಣದಲ್ಲಿಲ್ಲ. ಮ್ಯಾಟ್ ತಿಳಿಬಣ್ಣಗಳನ್ನು ತಯಾರಿಸುವಾಗ ಗಾಢವಾದ ವರ್ಣದ್ರವ್ಯಕ್ಕೆ ಟೈಟಾನಿಯಂ ಡೈಆಕ್ಸೈಡ್ ಎಂಬ ಅಚ್ಚಬಿಳಿ ಪುಡಿಯನ್ನು ಬೆರೆಸಿ ತಿಳಿಗೊಳಿಸುತ್ತಾರೆ, ಜೊತೆಗೆ ಟಾಲ್ಕ್ ಕೂಡ ಸೇರಿರುತ್ತದೆ. ತೆಳುವಾಗಿ ಹರಡಿದಾಗ ನೇರಳೆಯ ಅಂಶ ಚರ್ಮದ ಕಂದಿನಲ್ಲಿ ಅಡಗಿ, ಬಿಳಿಯ ಅಂಶ ಮಾತ್ರ ಮೇಲೆ ತೇಲುತ್ತದೆ. ಆದ್ದರಿಂದ ಬ್ರಷ್‌ನಿಂದ ಹೆಚ್ಚು ಹೆಚ್ಚು ಉಜ್ಜಿದಷ್ಟೂ ಬೂದುಬಣ್ಣ ಹೆಚ್ಚುತ್ತದೆ.

ರೆಪ್ಪೆಯನ್ನು ಒರೆಸಿ, ಬಣ್ಣವನ್ನು ಹಿಡಿದಿಡುವ ತಳಲೇಪವಾದ ಪ್ರೈಮರನ್ನು ತೀರ ತೆಳುವಾಗಿ ಹಚ್ಚಿ, ಅದು ಹಿಡಿದುಕೊಳ್ಳುವವರೆಗೆ ಕಾಯಿರಿ. ಜಿಡ್ಡಿನ ರೆಪ್ಪೆಯವರಿಗೆ ಈ ಹಂತ ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಅನಂತರ ಇಟ್ಟಿಗೆಗೆಂಪನ್ನು ಕಣ್ಣಿನ ಮಡಿಕೆಯ ಉದ್ದಕ್ಕೂ, ಮಡಿಕೆಗಿಂತ ಸ್ವಲ್ಪ ಮೇಲಕ್ಕೆ, ಮೃದುವಾದ ಬ್ರಷ್‌ನಿಂದ ಹರಡಿ. ಅದು ನಿಮ್ಮ ಚರ್ಮಕ್ಕೆ ಹತ್ತಿರದ ಬಣ್ಣವಾದ್ದರಿಂದ ತಿಳಿಬಣ್ಣಕ್ಕೆ ಒಂದು ಅಂಚನ್ನು ಕಟ್ಟಿಕೊಡುತ್ತದೆ. ನಸುನೇರಳೆಯನ್ನು ಇಡೀ ರೆಪ್ಪೆಗೆ ಬಳಿಯದೆ, ಬಿಳಿಯ ಕ್ರೀಮ್ ಪೆನ್ಸಿಲ್‌ನಿಂದ ರೆಪ್ಪೆಯ ನಡುವೆ ಮಾತ್ರ ಒಂದು ಪುಟ್ಟ ತಳಪಾಯ ಹಾಕಿ, ಅದರ ಮೇಲೆ ಚಪ್ಪಟೆ ಬ್ರಷ್‌ನಿಂದ ಒತ್ತಿ ಕೂರಿಸಿ. ಬಿಳಿಯ ತಳವಿದ್ದಾಗ ಡಬ್ಬಿಯಲ್ಲಿ ಕಂಡ ಬಣ್ಣವೇ ರೆಪ್ಪೆಯಲ್ಲೂ ಕಾಣುತ್ತದೆ.

ಶಿಮ್ಮರ್‌ಗೆ ಬ್ರಷ್‌ಗಿಂತ ಉಂಗುರ ಬೆರಳೇ ಮೇಲು. ಬೆರಳ ತುದಿಯನ್ನು ಪುಡಿಯ ಮೇಲೆ ಒಮ್ಮೆ ಉರುಳಿಸಿದರೆ ಮೈಯ ಬಿಸಿಗೆ ಪುಡಿ ಅಂಟಿಕೊಳ್ಳುತ್ತದೆ. ಅದನ್ನು ಸವರದೆ ರೆಪ್ಪೆಗೆ ತಟ್ಟಿ. ಬ್ರಷ್ ಬೇಕೇ ಬೇಕೆಂದರೆ ಪುಡಿ ತೆಗೆದುಕೊಂಡ ಮೇಲೆ ಬ್ರಷ್‌ಗೆ ಸೆಟ್ಟಿಂಗ್ ಸ್ಪ್ರೇ (ಪ್ರಸಾಧನ ಕದಲದಂತೆ ಹಿಡಿದಿಡುವ ದ್ರವ) ಸಿಂಪಡಿಸಿಕೊಳ್ಳಿ. ಪುಡಿಯ ಮೇಲೇ ಸಿಂಪಡಿಸಿದರೆ ಮೇಲ್ಪದರ ಗಟ್ಟಿಯಾಗಿ ಬಣ್ಣವೇ ಬರುವುದಿಲ್ಲ. ಹಾಗೆ ಗಟ್ಟಿಯಾದ ಪದರವನ್ನು ಅಂಟುಪಟ್ಟಿ ಒತ್ತಿ ಎತ್ತಬಹುದು. ಕಣ್ಣಿನ ಕೆಲಸ ಮುಗಿಸಿ, ಉದುರಿದ್ದನ್ನು ಒರೆಸಿ, ಆಮೇಲೆ ಫೌಂಡೇಷನ್ ಹಚ್ಚಿದರೆ ಕೆನ್ನೆಯ ತೊಂದರೆಯೂ ಇರುವುದಿಲ್ಲ.

ಬಾಟಲ್ ಹಸಿರಿಗೆ ನಾನಾಗಿದ್ದರೆ ನಸುನೇರಳೆಯನ್ನು ಒಳಮೂಲೆಗಷ್ಟೇ ಇಟ್ಟು, ಕಂಚು ಅಥವಾ ಚಿನ್ನದ ಶಿಮ್ಮರ್ ಇದ್ದರೆ ರೆಪ್ಪೆಯ ನಡುವೆ ಅದನ್ನೇ ಹಚ್ಚುತ್ತಿದ್ದೆ. ಸೀರೆಯ ಜರಿಗೆ ಅದು ಹೊಂದುತ್ತದೆ. ಕಲ್ಯಾಣ ಮಂಟಪಗಳ ವಿಡಿಯೋ ದೀಪಗಳ ಬಿಳಿಬೆಳಕಿನಲ್ಲಿ ತಿಳಿಬಣ್ಣಗಳು ಇನ್ನಷ್ಟು ಬೆಳ್ಳಗೆ ಕಾಣುತ್ತವೆ ಎಂಬುದನ್ನು ನಮ್ಮ ಕೆಲಸದಲ್ಲಿ ಪದೇಪದೇ ನೋಡುತ್ತೇವೆ.

ಉತ್ತರ: ವಿಜಯನಗರದ ರಸಾಯನಶಾಸ್ತ್ರ ಉಪನ್ಯಾಸಕಿ

ಗುಲಾಬಿಯ ವಿಚಾರಕ್ಕೆ ಉತ್ತರ ಪೊಟ್ಟಣದ ಹಿಂಭಾಗದಲ್ಲೇ ಸಿಗುತ್ತದೆ. ಸಿಐ (ಕಲರ್ ಇಂಡೆಕ್ಸ್, ಅಂದರೆ ಬಣ್ಣಗಳನ್ನು ಗುರುತಿಸುವ ಸಂಖ್ಯಾಪಟ್ಟಿ) ಎಂಬ ಅಕ್ಷರಗಳ ಮುಂದಿನ ಸಂಖ್ಯೆಗಳನ್ನು ಓದಿ ನೋಡಿ. 77491, 77492 ಮತ್ತು 77499 ಕ್ರಮವಾಗಿ ಕೆಂಪು, ಹಳದಿ, ಕಪ್ಪು ಕಬ್ಬಿಣದ ಆಕ್ಸೈಡ್‌ಗಳು. 77742 ಮ್ಯಾಂಗನೀಸ್ ನೇರಳೆ. 77891 ಮೇಲೆ ಹೇಳಿದ ಟೈಟಾನಿಯಂ ಡೈಆಕ್ಸೈಡ್. ಕೋರೈಸುವ ಗುಲಾಬಿ ಇಂಥ ಖನಿಜಗಳಿಂದ ಬರುವುದಿಲ್ಲ. ಅದಕ್ಕೆ 15850 ಸಂಖ್ಯೆಯಂಥ ಸಾವಯವ (ಇಂಗಾಲದ ಸಂಯುಕ್ತಗಳಾದ) ಬಣ್ಣಗಳು ಬೇಕು. ಅಮೆರಿಕದಲ್ಲಿ ಕಣ್ಣಿನ ಸುತ್ತ ಬಳಸಲು ಪ್ರತ್ಯೇಕವಾಗಿ ಅನುಮತಿ ಪಡೆದ ಬಣ್ಣಗಳನ್ನು ಮಾತ್ರ ಹಾಕಬಹುದು. 15850ಕ್ಕೆ ಅಲ್ಲಿ ತುಟಿಬಣ್ಣದಲ್ಲಿ ಅನುಮತಿಯಿದೆ, ಕಣ್ಣಿಗಿಲ್ಲ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಅದೇ ಬಣ್ಣಕ್ಕೆ ಈ ನಿರ್ಬಂಧವಿಲ್ಲ. ಹೀಗಾಗಿ ಒಂದೇ ಪ್ಯಾಲೆಟ್‌ನ ಮೇಲೆ ಇಂಥ ನಕ್ಷತ್ರದ ಗುರುತು ಕಾಣಿಸಿಕೊಳ್ಳುತ್ತದೆ.

ಇಂಥ ಬಣ್ಣಗಳು ರೆಪ್ಪೆಯ ಮೇಲೆ ಕಲೆ ಉಳಿಸುವುದುಂಟು, ಕೆಲವರಿಗೆ ತುರಿಕೆಯೂ ಆಗುವುದುಂಟು. ಮದುವೆ ಇಷ್ಟು ಹತ್ತಿರವಿರುವಾಗ ಅದನ್ನು ಕಣ್ಣಿಗೆ ಹಚ್ಚಬೇಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂದ ಹಾಗೆ, ಪಟ್ಟಿಯಲ್ಲಿ 75470 ಇದ್ದರೆ ಅದು ಕೊಚಿನೀಲ್ ಎಂಬ ಕೀಟದಿಂದ ತೆಗೆದ ಕಾರ್ಮೈನ್. ಸಸ್ಯಾಹಾರದ ನಿಷ್ಠೆಯಿರುವ ಮನೆಗಳಲ್ಲಿ ಇದನ್ನು ತಿಳಿಯಬಯಸುವವರಿದ್ದಾರೆ, ಅದಕ್ಕಾಗಿ ಹೇಳಿದೆ.

ಉತ್ತರ: ಜಯನಗರ ನಾಲ್ಕನೇ ಬ್ಲಾಕ್

ಇನ್ನೊಂದನ್ನು ಕೊಂಡಿಡಬೇಡಿ. ಡಬ್ಬಿಯ ಮೇಲೆ ಮುಚ್ಚಳ ತೆರೆದ ಭರಣಿಯ ಚಿತ್ರದೊಳಗೆ 12ಎಂ ಎಂದೋ 24ಎಂ ಎಂದೋ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳೊಳಗೆ ಬಳಸಿ ಎಂದು ಅದರರ್ಥ. ಒಂದೇ ಪ್ಯಾಲೆಟ್‌ನ 12 ಬಣ್ಣಗಳನ್ನು ಆ ಅವಧಿಯಲ್ಲಿ ಮುಗಿಸುವವರು ವೃತ್ತಿಯವರಷ್ಟೇ. ‘ಲಿಮಿಟೆಡ್’ ಎಂಬ ಪದ ಡಬ್ಬಿಗಳ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಒಳಗಿನ ಪುಡಿಯ ಗುಣವನ್ನಲ್ಲ. ಹಾಗೆ ನೋಡಿದರೆ ಸದಾ ಸಿಗುತ್ತದೆ ಎಂದುಕೊಂಡಿದ್ದೂ ಉಳಿಯುವುದಿಲ್ಲ: 2010ರಲ್ಲಿ ಬಂದು ಎಲ್ಲೆಡೆ ಮನೆಮಾತಾಗಿದ್ದ ಅರ್ಬನ್ ಡಿಕೇ ಕಂಪನಿಯ ನೇಕೆಡ್ ಪ್ಯಾಲೆಟ್ಟನ್ನು 2018ರಲ್ಲಿ ನಿಲ್ಲಿಸಿದರು. ನಿಮಗೆ ಒಪ್ಪಿದ ಒಂದೆರಡು ಬಣ್ಣಗಳನ್ನು ಬಿಡಿಬಿಡಿಯಾಗಿ ಹುಡುಕುವುದು ಜಾಣತನ. ಅಂಗಡಿಯ ಹಳದಿ ದೀಪದ ಕೆಳಗೆ ನೋಡಿ ತೀರ್ಮಾನಿಸದೆ, ಮುಂಗೈಗೆ ಹಚ್ಚಿಕೊಂಡು ಹೊರಗೆ ಹಗಲಿನ ಬೆಳಕಿಗೆ ಬಂದು ನೋಡಿ. ಅಂಗಡಿಯಲ್ಲಿ ಎಲ್ಲರೂ ಹಚ್ಚಿ ನೋಡಲೆಂದು ಇಟ್ಟ ಟೆಸ್ಟರ್ ಪುಡಿಯನ್ನು ಕಣ್ಣಿಗಂತೂ ಹಚ್ಚಲೇಬೇಡಿ.

ಮರುಮಾತು: ಬಸವನಗುಡಿಯ ಓದುಗಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹೇಳಿದ ಕ್ರಮದಲ್ಲೇ ಹಚ್ಚಿ ನೋಡಿದೆ. ಬಿಳಿಯ ತಳದ ಮೇಲೆ ನಸುನೇರಳೆ ನಿಜವಾಗಿಯೂ ನೇರಳೆಯಾಗಿ ಕಂಡಿತು. ತಿಳಿನೀಲಿ ಮಾತ್ರ ಆಗಲೂ ಒಪ್ಪಲಿಲ್ಲ. ಕಂಚಿನ ಶಿಮ್ಮರ್ ಬೆರಳಿನಿಂದ ತಟ್ಟಿದಾಗ ಸಂಜೆಯವರೆಗೂ ಕದಲಲಿಲ್ಲ. ಗುಲಾಬಿಯ ಪಟ್ಟಿಯಲ್ಲಿ 15850 ಇದೆ, ಅದನ್ನು ಬಿಟ್ಟುಬಿಟ್ಟೆ. ನಾನು ಕಾಂಟ್ಯಾಕ್ಟ್ ಲೆನ್ಸ್ ಬಳಸುತ್ತೇನೆ. ಶಿಮ್ಮರ್ ಇರುವಾಗ ವಿಶೇಷ ಎಚ್ಚರಿಕೆ ಬೇಕೇ?

ಉತ್ತರ: ಮಲ್ಲೇಶ್ವರದ ಪ್ರಸಾಧನ ಕಲಾವಿದೆ

ಬೇಕು. ಕೈ ತೊಳೆದು ಲೆನ್ಸನ್ನು ಮೊದಲು ಹಾಕಿ, ಆಮೇಲೆ ಬಣ್ಣ ಹಚ್ಚಿ; ರಾತ್ರಿ ಲೆನ್ಸನ್ನು ಮೊದಲು ತೆಗೆದು, ಆಮೇಲೆ ಬಣ್ಣ ಒರೆಸಿ. ಶಿಮ್ಮರನ್ನು ಎವೆಯ ಅಂಚಿಗೆ ತಾಗಿಸದೆ ರೆಪ್ಪೆಯ ನಡುವೆಯೇ ನಿಲ್ಲಿಸಿ. ಕರಕುಶಲ ಕೆಲಸಕ್ಕೆಂದು ಮಾರುವ ದಪ್ಪ ಗ್ಲಿಟರನ್ನು ಯಾರು ಹೇಳಿದರೂ ಕಣ್ಣಿನ ಹತ್ತಿರ ತರಬೇಡಿ, ಅದರ ಚೂಪು ಅಂಚು ಕಣ್ಣನ್ನು ಗೀರಬಲ್ಲದು.